ಟಿಎಸ್‌ಎಚ್ 11.6 ಇದೆ, ಮೂರು ವಾರದಲ್ಲಿ ಟಾನ್ಸಿಲ್ ಆಪರೇಷನ್: ಹೋಗಬಹುದಾ?

ಮುಲುಂಡ್_ಮಲ್ಲಿಗೆ
ನಾದಿನಿಯ ವಿಷಯ. 34 ವರ್ಷ, ತೂಕ 62 ಕಿಲೋ. ಥೈರಾಯ್ಡ್ ಕಮ್ಮಿ ಅಂತ ಎರಡು ವರ್ಷದಿಂದ ಥೈರೋನಾರ್ಮ್ 75 ಮೈಕ್ರೊಗ್ರಾಂ (ಥೈರಾಕ್ಸಿನ್ ಮಾತ್ರೆ) ನಡೀತಿದೆ. ವರ್ಷಕ್ಕೆ ಐದಾರು ಸಲ ಗಂಟಲು ಕೆಡುತ್ತೆ. ಠಾಣೆಯಲ್ಲಿ ಇಎನ್‌ಟಿ ಡಾಕ್ಟರು ಟಾನ್ಸಿಲ್ ತೆಗೆಸಿಬಿಡಿ ಅಂದು ಮೂರು ವಾರ ಬಿಟ್ಟು ಡೇಟ್ ಕೊಟ್ಟಿದ್ದಾರೆ, ಕೊಬ್ಲೇಷನ್ (ವಿದ್ಯುತ್ ಹಾಯಿಸಿದ ಕಡ್ಡಿಯಿಂದ ತೆಗೆಯೋದು) ಅಂತೆ. ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 11.6 (ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸೋ ಹಾರ್ಮೋನಂತೆ ಅದು, ಮಾಮೂಲಿಗಿಂತ ಜಾಸ್ತಿ), ಹಿಮೋಗ್ಲೋಬಿನ್ 10.2. ಫ್ರೀ ಟಿ4 (ರಕ್ತದಲ್ಲಿರೋ ಥೈರಾಯ್ಡ್ ಹಾರ್ಮೋನಿನ ಪರೀಕ್ಷೆ) ಮಾಡಿಸಿಲ್ಲ. ಈ ಟಿಎಸ್‌ಎಚ್ ಇಟ್ಟುಕೊಂಡು ಮಯಕ್ಕದ (ಅರಿವಳಿಕೆ) ಇಂಜೆಕ್ಷನ್ ತಗೋಬಹುದಾ? ಆಪರೇಷನ್ ಆದ ಮೇಲೆ ನುಂಗೋಕೆ ಆಗದಿದ್ದರೆ ಥೈರಾಯ್ಡ್ ಮಾತ್ರೆ ಹೇಗೆ? ಟಾನ್ಸಿಲ್ ತೆಗೆದರೆ ಥೈರಾಯ್ಡ್ ಇನ್ನೂ ಕೆಡುತ್ತೆ ಅಂತ ಅತ್ತೆ ಹೇಳ್ತಿದ್ದಾರೆ, ಹೌದಾ?

ಪರೇಲ್_ಪಾಳಿ
ಅತ್ತೆಯವರ ಪ್ರಶ್ನೆ ಮೊದಲು ಮುಗಿಸುವ. ಇಲ್ಲ. ಟಾನ್ಸಿಲ್ ಗಂಟಲ ಒಳಗೆ, ನಾಲಿಗೆಯ ಹಿಂದೆ ಎರಡೂ ಬದಿಯಲ್ಲಿ. ಥೈರಾಯ್ಡ್ ಹೊರಗೆ, ಕುತ್ತಿಗೆಯ ಎದುರು ಶ್ವಾಸನಾಳದ ಮೇಲೆ. ಒಂದನ್ನು ತೆಗೆದರೆ ಇನ್ನೊಂದಕ್ಕೆ ಕತ್ತರಿ ತಾಗುವ ಮಾತೇ ಇಲ್ಲ. ಹಾಗೆಯೇ ಟಾನ್ಸಿಲ್ ತೆಗೆದರೆ ಥೈರಾಯ್ಡ್ ಗುಣ ಆಗುತ್ತದೆ ಅಂತಲೂ ನಂಬಬೇಡಿ, ಮಾತ್ರೆ ಮುಂದುವರಿಯುವುದೇ.

ಈಗ ಗಂಟಲಿನ ಲೆಕ್ಕ ಸರಿ ಮಾಡಿ ಮಾರಾಯ್ರೆ. "ಐದಾರು ಸಲ" ಅಂದರೆ ಏನು? ಲೋಕಲ್‌ನ ಬೆವರಿನಿಂದ ಆಫೀಸಿನ ಎಸಿಗೆ ಹೋಗಿ ಒಣಗಿದ ಗಂಟಲು, ಹುಳಿತೇಗು ಮೇಲೆ ಬಂದ ಉರಿ, ನೆಗಡಿ ಜೊತೆ ಬಂದ ಕೆರೆತ, ಇವು ಯಾವುವೂ ಟಾನ್ಸಿಲ್ ಲೆಕ್ಕಕ್ಕೆ ಇಲ್ಲ. ಗಂಟಲು ನೋವಿನ ಜೊತೆ 101 ಫ್ಯಾರನ್‌ಹೀಟ್ ದಾಟಿದ ಜ್ವರವೋ, ದವಡೆ ಕೆಳಗೆ ಮುಟ್ಟಿದರೆ ನೋಯುವ ಗಂಟೋ, ಟಾನ್ಸಿಲ್ ಮೇಲೆ ಬಿಳಿ ಕೀವೋ, ಸ್ವಾಬ್‌ನಲ್ಲಿ ಸ್ಟ್ರೆಪ್ ರೋಗಾಣುವೋ, ಒಂದಾದರೂ ಇರಬೇಕು. ಅಂಥದ್ದು ಒಂದೇ ವರ್ಷದಲ್ಲಿ 7, ಅಥವಾ ಎರಡು ವರ್ಷ ಸತತ ವರ್ಷಕ್ಕೆ 5, ಅಥವಾ ಮೂರು ವರ್ಷ ವರ್ಷಕ್ಕೆ 3 ಆಗಿದ್ದರೆ ತೆಗೆಯುವ ಮಾತು. 1984ರಿಂದ ಬಳಕೆಯಲ್ಲಿರುವ ಪ್ಯಾರಡೈಸ್ ಮಾನದಂಡ ಇದು. ಮಕ್ಕಳಿಗೆಂದು ಬಂದದ್ದು, ದೊಡ್ಡವರಿಗೂ ಅದನ್ನೇ ಹಿಡಿಯುತ್ತಾರೆ.

ಲೆಕ್ಕ ತುಂಬದಿದ್ದರೂ ತೆಗೆಯಬೇಕಾದ ಸಂದರ್ಭ ಉಂಟು: ಟಾನ್ಸಿಲ್ ಪಕ್ಕ ಕೀವುಗಂಟು ಎರಡನೇ ಸಲ ಆದರೆ, ಗೊರಕೆಯಲ್ಲಿ ಉಸಿರು ನಿಲ್ಲುತ್ತಿದ್ದರೆ, ಒಂದು ಬದಿಯದು ಮಾತ್ರ ದೊಡ್ಡದಾಗುತ್ತ ಹೋದರೆ. ಕೊನೆಯದಕ್ಕೆ ಕಾಯುವುದು ಬೇಡ, ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ.

ಹಳೆಯ ಚೀಟಿಗಳನ್ನು ಹುಡುಕಿ ತೆಗೆಯಿರಿ. ಆಂಟಿಬಯೋಟಿಕ್ ಕೊಟ್ಟ ತಾರೀಕು, ಜ್ವರ, ರಜೆ ಹಾಕಿದ ದಿನ. ನಾಲ್ಕು ಸಾಲು ಬರೆದರೆ ಸಾಕು.

ಕೋಥರೂಡ_ಧಾರವಾಡ
ಅಕ್ಕಾರ, 11.6 ಅಂದ್ರ ಅಂಥಾ ಹೆದರೂ ನಂಬರ್ ಏನಲ್ರಿ. ಪುಣೆದಾಗ ದಿನಾ ಇಂಥಾ ರಿಪೋರ್ಟ್ ಇಟಗೊಂಡು ಆಪರೇಷನ್ ಆಗತಾವ. ಸುಮ್ನ ಡೇಟ್ ಮುಂದ ಹಾಕಿ ಮತ್ತ ಎರಡ ಸಲ ಗಂಟಲ ಕೆಡಿಸಿಕೊಳ್ಳೂದಕ್ಕಿಂತ ಮಾಡಿಸಿ ಮುಗಸ್ರಿ.

ಅರಿವಳಿಕೆ_ಪುಣೆ
ಧಾರವಾಡದವರ ಮಾತು ಅರ್ಧ ಸರಿ. ಯಾವ ಅರ್ಧ ಅನ್ನುವುದನ್ನು ಫ್ರೀ ಟಿ4 ಹೇಳಬೇಕು. ಟಿಎಸ್‌ಎಚ್ ಮೆದುಳಿನ ಬುಡದಿಂದ ಹೊರಡುವ ಬೇಡಿಕೆ ಚೀಟಿ. ಚೀಟಿ ಜೋರಾಗಿದ್ದರೂ ಮಾಲು ಸರಿಯಾಗಿ ಬರುತ್ತಿರಬಹುದು. ಫ್ರೀ ಟಿ4 ಲ್ಯಾಬಿನ ಮಿತಿಯೊಳಗೆ ಇದ್ದರೆ (ಸಾಮಾನ್ಯವಾಗಿ 0.8ರಿಂದ 1.8 ನ್ಯಾನೊಗ್ರಾಂ, ಡೆಸಿಲೀಟರ್‌ಗೆ) ಇದು ಸೌಮ್ಯ ಕೊರತೆ, ಅದಕ್ಕಾಗಿ ಆಪರೇಷನ್ ಮುಂದೂಡುವ ಅಗತ್ಯವಿಲ್ಲ. ಫ್ರೀ ಟಿ4 ಕೂಡ ಕೆಳಗಿದ್ದರೆ ಟಾನ್ಸಿಲ್‌ನಂಥ ತುರ್ತಲ್ಲದ ಆಪರೇಷನ್ ಕಾಯಬೇಕು. ಕಾಯುವುದು ವರ್ಷಗಟ್ಟಲೆ ಅಲ್ಲ, ಆರೆಂಟು ವಾರ.

ಯಾಕೆ ಅಂದರೆ, ಹಾರ್ಮೋನು ಕಮ್ಮಿ ಇರುವ ದೇಹ ಮಯಕ್ಕದ ಔಷಧಿಯನ್ನು ನಿಧಾನವಾಗಿ ಕರಗಿಸುತ್ತದೆ. ನಾಡಿ ಇಳಿದಿರುತ್ತದೆ, ಹೃದಯದಿಂದ ಹೊರಡುವ ರಕ್ತ ಕಮ್ಮಿ, ಬಿಪಿ ಬಿದ್ದರೆ ಎತ್ತುವುದು ಕಷ್ಟ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಎಲ್ಲರಿಗೂ ಉಸಿರಾಟ ಜೋರಾಗುತ್ತದೆ, ಇವರಲ್ಲಿ ಆ ಎಚ್ಚರಿಕೆಯೇ ಮಂದ. ಅದರ ಮೇಲೆ ಟ್ರಾಮಡಾಲ್, ಫೆಂಟನಿಲ್ ಥರದ ನೋವಿನ ಮದ್ದು ಬಿದ್ದರೆ ಉಸಿರು ಮತ್ತೂ ತಗ್ಗುತ್ತದೆ. ಹೊಟ್ಟೆ ಖಾಲಿಯಾಗುವುದೂ ತಡ, ಮೈ ಬೇಗ ತಣ್ಣಗಾಗುತ್ತದೆ, ಸೋಡಿಯಂ ಕೆಳಗಿರಬಹುದು. ಜೊತೆಗೆ ಟಾನ್ಸಿಲ್ ಆಪರೇಷನ್‌ನ ಜಾಗವೇ ಉಸಿರಿನ ದಾರಿ. ಮಂಡಿ ಆಪರೇಷನ್ ಆಗಿದ್ದರೆ ಸೊಂಟಕ್ಕೆ ಸೂಜಿ ಕೊಟ್ಟು ಮುಗಿಸಬಹುದಿತ್ತು. ಇಲ್ಲಿ ಪೂರ್ತಿ ಮಯಕ್ಕ, ಬಾಯಿಂದಲೇ ನಳಿಕೆ, ಮುಗಿದ ಮೇಲೆ ಅದೇ ಬಾಯಲ್ಲಿ ಊತ ಮತ್ತು ರಕ್ತ.

ಇನ್ನೊಂದು ಕಡೆ ಗಮನ ಕೊಡಿ. ಥೈರಾಯ್ಡ್ ಕೊರತೆ ಜಾಸ್ತಿ ದಿನ ಇದ್ದರೆ ನಾಲಿಗೆ ದಪ್ಪಗಾಗುತ್ತದೆ. ಸರ್ಜನ್ ಬಾಯಿ ತೆರೆದಿಡಲು ಬಾಯ್ಲ್-ಡೇವಿಸ್ ಅನ್ನುವ ಸ್ಟೀಲಿನ ಚೌಕಟ್ಟು ಹಾಕುತ್ತಾರೆ. ಅದರ ಅಲಗು ನಾಲಿಗೆಯನ್ನು ಕೆಳಗೆ ಅದುಮಿ ಹಿಡಿದಿರುತ್ತದೆ, ಮೇಲಿನ ಕೊಕ್ಕೆ ಮುಂದಿನ ಹಲ್ಲಿಗೆ ಆತುಕೊಂಡಿರುತ್ತದೆ. ಅರ್ಧದಿಂದ ಮುಕ್ಕಾಲು ಗಂಟೆ ದಪ್ಪ ನಾಲಿಗೆ ಹಾಗೆ ಅದುಮಿಸಿಕೊಂಡರೆ ಆಮೇಲೆ ಊದುತ್ತದೆ, ಕೆಲವು ವಾರ ರುಚಿ ಮಂಕಾಗುವುದೂ ಉಂಟು. ಅಲ್ಲಾಡುವ ಹಲ್ಲು, ಕ್ಯಾಪ್ ಹಾಕಿದ ಹಲ್ಲು ಇದ್ದರೆ ಮೊದಲೇ ಹೇಳಿ.

ಕೋಥರೂಡ_ಧಾರವಾಡ
ಒಪ್ಪಿದೆ ಸರ. ಫ್ರೀ ಟಿ4 ಮೊದ್ಲ ಮಾಡಸ್ರಿ ಅಕ್ಕಾರ. ಆದ್ರ ಇನ್ನೊಂದು: ಕೂದಲಕ್ಕ ಅಂತ ಬಯೋಟಿನ್ ಗುಳಗಿ ತಗೋತಿದ್ರ ರಕ್ತಾ ಕೊಡೂಕಿಂತ ಮೂರು ದಿನಾ ಮೊದ್ಲ ನಿಲ್ಲಸ್ರಿ. ಭಾಳ ಲ್ಯಾಬಿನ ಮಶೀನ್‌ದಾಗ ಬಯೋಟಿನ್ ಇದ್ರ ಟಿಎಸ್‌ಎಚ್ ಸುಳ್ಳ ಕಡಿಮಿ ತೋರಸತೈತಿ, ಟಿ4 ಸುಳ್ಳ ಜಾಸ್ತಿ. ಅಂದ್ರ ಖರೇ ಸಮಸ್ಯೆ ಮುಚ್ಚಿ ಹೋಗತೈತಿ.

ಮಡಗಾಂವ್_ಮದ್ದಂಗಡಿ
ಎರಡು ವರ್ಷ ಅದೇ 75 ತಗೊಂಡು ಈಗ 11.6 ಯಾಕೆ ಬಂತು ಅಂತ ಯಾರೂ ಕೇಳಲಿಲ್ಲವಲ್ಲ. ಪೂರ್ತಿ ಕೊರತೆ ತುಂಬುವ ಅಂದಾಜು ಪ್ರಮಾಣ ಕಿಲೋಗೆ 1.6 ಮೈಕ್ರೊಗ್ರಾಂ. 62 ಕಿಲೋಗೆ ಸುಮಾರು 100 ಆಗುತ್ತದೆ. ಗ್ರಂಥಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ 75 ಸಾಕು, ಅದು ಸೋಲುತ್ತ ಬಂದರೆ ಸಾಲದು. ಆದರೆ ಡೋಸ್ ಏರಿಸುವ ಮುಂಚೆ ಮಾತ್ರೆ ಹೊಟ್ಟೆಗೆ ಸೇರುತ್ತಿದೆಯಾ ನೋಡಿ. ಬೆಳಿಗ್ಗೆ ಮಾತ್ರೆಯ ಜೊತೆ ಇನ್ನೇನು ತಗೋತಾರೆ? ಹಿಮೋಗ್ಲೋಬಿನ್ 10.2 ಅಂದರೆ ಕಬ್ಬಿಣದ ಮಾತ್ರೆ ಶುರು ಮಾಡಿರಬೇಕು.

ಮುಲುಂಡ್_ಮಲ್ಲಿಗೆ
ಹೌದು, ನಾಲ್ಕು ತಿಂಗಳಿಂದ ಕಬ್ಬಿಣ ಮತ್ತು ಕ್ಯಾಲ್ಸಿಯಂ. ಮರೆತು ಹೋಗಬಾರದು ಅಂತ ಮೂರನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಿ ಕಾಫಿ ಕುಡೀತಾಳೆ. ಗಂಟಲಿಗೆ ಅಂತ ದಿನಾ ಎರಡು ಸಲ ಆ ಕಂದು ಬಣ್ಣದ ಅಯೊಡಿನ್ ಗಾರ್ಗಲ್ ಕೂಡ, ಅದು ಆರು ತಿಂಗಳಾಯ್ತು.

ಮಡಗಾಂವ್_ಮದ್ದಂಗಡಿ
ಅಲ್ಲೇ ಇದೆ ನೋಡಿ.

ಕಬ್ಬಿಣ, ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಕರುಳಿಗೆ ಹತ್ತದ ಹಾಗೆ ಮಾಡುತ್ತವೆ. 75 ನುಂಗಿದರೂ ರಕ್ತಕ್ಕೆ ಹೋಗುವುದು ಅದಕ್ಕಿಂತ ಎಷ್ಟೋ ಕಮ್ಮಿ. ನಡುವೆ 4 ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ, ಕಾಫಿ ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು, ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಮತ್ತೆ, ಥೈರಾಯ್ಡ್ ಮಾತ್ರೆಯ ಬಾಟಲಿಯನ್ನು ಅಡುಗೆಮನೆಯಲ್ಲಿ ಗ್ಯಾಸಿನ ಪಕ್ಕ ಇಡಬೇಡಿ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಉಪ್ಪೇ ನೀರಾಗುತ್ತದೆ, ಈ ಮಾತ್ರೆಗೆ ಶಾಖವೂ ಆಗದು, ತೇವವೂ ಆಗದು.

ಇನ್ನು ಗಾರ್ಗಲ್. ಪೊವಿಡೋನ್ ಅಯೊಡಿನ್ 2 ಶೇಕಡಾ ದ್ರಾವಣ ನಾಲ್ಕೈದು ದಿನಕ್ಕೆ ಸರಿ, ಆರು ತಿಂಗಳಿಗಲ್ಲ. ಬಾಯಿಯ ಪೊರೆಯಿಂದ ಅಯೊಡಿನ್ ಒಳಗೆ ಹೀರಿಕೊಳ್ಳುತ್ತದೆ, ಒಂದಷ್ಟು ನುಂಗಿಯೂ ಹೋಗುತ್ತದೆ. ಅಯೊಡಿನ್ ಕಮ್ಮಿಯಾದರೆ ಥೈರಾಯ್ಡ್ ಕೆಡುತ್ತದೆ ಅಂತ ಶಾಲೆಯಲ್ಲಿ ಓದಿದ್ದು ನಿಜ. ಆದರೆ ವಿಪರೀತ ಅಯೊಡಿನ್ ಬಂದರೂ ಗ್ರಂಥಿ ಹಾರ್ಮೋನು ತಯಾರಿಸುವುದನ್ನು ನಿಲ್ಲಿಸುತ್ತದೆ. ಆರೋಗ್ಯವಂತರಲ್ಲಿ ಕೆಲವು ದಿನದಲ್ಲಿ ಅದು ಸರಿಹೋಗುತ್ತದೆ, ಹಾಶಿಮೊಟೊ (ದೇಹದ ರಕ್ಷಣಾ ಪಡೆಯೇ ಥೈರಾಯ್ಡ್ ಮೇಲೆ ಬೀಳುವ ಕಾಯಿಲೆ) ಇರುವವರ ಗ್ರಂಥಿಗೆ ಆ ಬಂಧನದಿಂದ ಹೊರಬರಲು ಆಗುವುದಿಲ್ಲ. ಉಪ್ಪು ನೀರಿಗೆ ಬನ್ನಿ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು.

ವಾಶಿ_ವಿಮೆ
ಔಷಧಿ ಗೊತ್ತಿಲ್ಲ, ಕಾಗದ ಗೊತ್ತು. ಪಾಲಿಸಿ ಯಾವಾಗಿನದು ನೋಡಿ. ಟಾನ್ಸಿಲ್ ಆಪರೇಷನ್ ಬಹಳಷ್ಟು ಪಾಲಿಸಿಗಳಲ್ಲಿ ನಿರ್ದಿಷ್ಟ ಕಾಯಿಲೆಗಳ ಕಾಯುವ ಅವಧಿಯ ಪಟ್ಟಿಯಲ್ಲಿದೆ. ಆರೋಗ್ಯ ಸಂಜೀವನಿಯಲ್ಲಿ (ಎಲ್ಲ ಕಂಪನಿಗಳೂ ಮಾರುವ ಒಂದೇ ನಮೂನೆಯ ಪಾಲಿಸಿ) ಅದು 24 ತಿಂಗಳು. ಥೈರಾಯ್ಡ್ ಬೇರೆ ಲೆಕ್ಕ, ಮೊದಲೇ ಇದ್ದ ಕಾಯಿಲೆ. 2024ರ ನಿಯಮದ ಪ್ರಕಾರ ಅದಕ್ಕೆ ಗರಿಷ್ಠ 36 ತಿಂಗಳು. ಥೈರಾಯ್ಡ್ ಇದೆ ಅಂತ ಪ್ರಪೋಸಲ್ ಫಾರ್ಮ್‌ನಲ್ಲಿ ಬರೆಯದೆ, ಈಗ ಕ್ಯಾಶ್‌ಲೆಸ್ ಕಾಗದದ ಜೊತೆ ಟಿಎಸ್‌ಎಚ್ 11.6 ರಿಪೋರ್ಟ್ ಹೋದರೆ "ಎಂದಿನಿಂದ ಇದೆ" ಅಂತ ಪ್ರಶ್ನೆ ಬಂದೇ ಬರುತ್ತದೆ. ಟಾನ್ಸಿಲ್‌ಗೂ ಥೈರಾಯ್ಡ್‌ಗೂ ಸಂಬಂಧ ಇಲ್ಲದಿದ್ದರೂ ಮುಚ್ಚಿಟ್ಟದ್ದು ಅನ್ನುವ ತಕರಾರು ಅಲ್ಲಿಂದಲೇ ಹುಟ್ಟುತ್ತದೆ.

ಕೊಬ್ಲೇಷನ್ ಅಂದರೆ ಒಮ್ಮೆ ಬಳಸಿ ಎಸೆಯುವ ಕಡ್ಡಿ ಇರುತ್ತದೆ, ದುಬಾರಿ. ಅದು ಪ್ಯಾಕೇಜಿನ ಒಳಗೋ ಹೊರಗೋ ಅಂತ ಆಸ್ಪತ್ರೆಯ ಡೆಸ್ಕಿನಲ್ಲಿ ಬರೆಸಿಕೊಳ್ಳಿ. ಡಾಕ್ಟರ ಚೀಟಿಯಲ್ಲಿ ಬರೇ "ಟಾನ್ಸಿಲೈಟಿಸ್" ಅಂತ ಇದ್ದರೆ ಸಾಲದು. ಎಷ್ಟು ಸಲ, ಯಾವ ಅವಧಿಯಲ್ಲಿ ಅಂತ ಇರಲಿ. ಪರೇಲ್‌ನವರು ಹೇಳಿದ ನಾಲ್ಕು ಸಾಲು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಮುಲುಂಡ್_ಮಲ್ಲಿಗೆ
ಪಾಲಿಸಿ ಮೂರೂವರೆ ವರ್ಷದ್ದು, ಥೈರಾಯ್ಡ್ ಗೊತ್ತಾಗೋಕೆ ಮುಂಚಿನದು. ಸರಿ. ಇನ್ನೊಂದು ಹೇಳೋದು ಮರೆತೆ. ಕ್ಯಾಮೆರಾ ಹಾಕಿ ನೋಡಿದ ರಿಪೋರ್ಟ್‌ನಲ್ಲಿ "ನಾಲಿಗೆ ಬುಡದ ಟಾನ್ಸಿಲ್ ಕೂಡ ಊದಿದೆ" ಅಂತ ಇದೆ. ಅದನ್ನೂ ಜೊತೆಗೇ ಸವರಿ ತೆಗೆದುಬಿಡಬಹುದು ಅಂದರು.

ಅರಿವಳಿಕೆ_ಪುಣೆ
ಅದನ್ನು ಮುಟ್ಟುವ ಮುಂಚೆ ಕುತ್ತಿಗೆಯ ಸೋನೋಗ್ರಫಿ ಆಗಲೇಬೇಕು.

ತಾಯಿಯ ಹೊಟ್ಟೆಯಲ್ಲಿ ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ಕೆಳಗಿಳಿದು ಕುತ್ತಿಗೆಗೆ ಬಂದು ಕೂರುತ್ತದೆ. ಅಪರೂಪಕ್ಕೆ ಅದು ಇಳಿಯದೆ ಹುಟ್ಟಿದ ಜಾಗದಲ್ಲೇ ಉಳಿಯುತ್ತದೆ, ಹೆಂಗಸರಲ್ಲಿ ಹೆಚ್ಚು. ಹೊರಗಿನಿಂದ ನೋಡಿದರೆ ನಾಲಿಗೆ ಬುಡದಲ್ಲಿ ಒಂದು ಉಬ್ಬು, ಊದಿದ ಟಾನ್ಸಿಲ್ ಥರವೇ. ಇಂಥವರಲ್ಲಿ ಸುಮಾರು 70 ಶೇಕಡಾ ಮಂದಿಗೆ ದೇಹದಲ್ಲಿರುವ ಥೈರಾಯ್ಡ್ ಅದೊಂದೇ. ಆ ತುಣುಕು ಸಾಕಷ್ಟು ಹಾರ್ಮೋನು ಕೊಡಲಾರದೆ ಟಿಎಸ್‌ಎಚ್ ಏರಿರುತ್ತದೆ, ಏರಿದ ಟಿಎಸ್‌ಎಚ್ ಅದನ್ನು ಇನ್ನಷ್ಟು ಊದಿಸುತ್ತದೆ. ಟಾನ್ಸಿಲ್ ಅಂದುಕೊಂಡು ಸವರಿದರೆ ಇದ್ದ ಥೈರಾಯ್ಡೂ ಹೋಯಿತು, ಜೊತೆಗೆ ಜೋರು ರಕ್ತಸ್ರಾವ.

ಹೆದರಿಸಲು ಹೇಳುತ್ತಿಲ್ಲ, ಇದು ಅಪರೂಪ. ಬಾಯಿಯ ಎರಡೂ ಬದಿಯ ಟಾನ್ಸಿಲ್‌ಗೆ ಈ ಗೊಂದಲ ಇಲ್ಲ, ನಾಲಿಗೆ ಬುಡಕ್ಕೆ ಮಾತ್ರ. ಕುತ್ತಿಗೆಯಲ್ಲಿ ಗ್ರಂಥಿ ತನ್ನ ಜಾಗದಲ್ಲಿದೆ ಅಂತ ಸೋನೋಗ್ರಫಿ ಹೇಳಿದರೆ ಬಹುಪಾಲು ಚಿಂತೆ ಮುಗಿಯಿತು. ಅಲ್ಲಿ ಗ್ರಂಥಿ ಕಾಣದಿದ್ದರೆ ಟೆಕ್ನೀಷಿಯಂ ಸ್ಕ್ಯಾನ್. ಆ ಸ್ಕ್ಯಾನ್ ಮಾಡಿಸುವುದಾದರೆ ಅಯೊಡಿನ್ ಗಾರ್ಗಲ್ ವಿಷಯ ಅಲ್ಲಿ ಹೇಳಿ. ಮೈಯಲ್ಲಿ ಅಯೊಡಿನ್ ತುಂಬಿದ್ದರೆ ಗ್ರಂಥಿ ಆ ವಸ್ತುವನ್ನು ಹೀರುವುದಿಲ್ಲ, ಚಿತ್ರ ಮಸುಕಾಗುತ್ತದೆ.

ರಕ್ತಸ್ರಾವದ ಮಾತು ಬಂದದ್ದಕ್ಕೆ: ಥೈರಾಯ್ಡ್ ಕೊರತೆ ಹೆಚ್ಚಿದ್ದವರಲ್ಲಿ ವಾನ್ ವಿಲ್ಲೆಬ್ರಾಂಡ್ ಅಂಶ ಕಮ್ಮಿಯಾಗಬಹುದು. ಪ್ಲೇಟ್‌ಲೆಟ್‌ಗಳು ಗಾಯದ ಜಾಗಕ್ಕೆ ಅಂಟಲು ಬೇಕಾದ ಅಂಟು ಅದು. ಪ್ಲೇಟ್‌ಲೆಟ್ ಎಣಿಕೆ, ಪಿಟಿ (ರಕ್ತ ಹೆಪ್ಪುಗಟ್ಟುವ ಹೊತ್ತಿನ ಪರೀಕ್ಷೆ) ಎಲ್ಲ ಸರಿಯಿದ್ದೂ ಇದು ಕಮ್ಮಿ ಇರಬಹುದು. ಟಾನ್ಸಿಲ್ ತೆಗೆದ ಜಾಗಕ್ಕೆ ಹೊಲಿಗೆ ಇಲ್ಲ, ಎರಡು ತೆರೆದ ಗಾಯ. ಹಾಗಾಗಿ ನಾದಿನಿಯವರನ್ನೇ ಕೇಳಿ: ಹಲ್ಲು ಕೀಳಿಸಿದಾಗ ರಕ್ತ ಗಂಟೆಗಟ್ಟಲೆ ನಿಲ್ಲಲಿಲ್ಲವೇ, ತಾಗದೆಯೂ ಮೈಮೇಲೆ ನೀಲಿ ಕಲೆ ಏಳುತ್ತದೆಯೇ, ಮುಟ್ಟಿನ ಸ್ರಾವ ವಿಪರೀತವೇ. ಹಿಮೋಗ್ಲೋಬಿನ್ 10.2 ಆದದ್ದು ಅದರಿಂದಲೇ ಇರಬಹುದು. ಒಂದಕ್ಕಾದರೂ ಹೌದು ಅಂದರೆ ಆ ಅಂಶದ ಪ್ರಮಾಣ, ಅದರ ಕೆಲಸ, ಫ್ಯಾಕ್ಟರ್ 8 (ರಕ್ತ ಹೆಪ್ಪುಗಟ್ಟಿಸುವ ಇನ್ನೊಂದು ಅಂಶ) ಮೂರನ್ನೂ ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ. ಥೈರಾಯ್ಡ್‌ನಿಂದ ಬಂದ ಕೊರತೆಯಾದರೆ ಮಾತ್ರೆ ಸರಿ ಹಿಡಿದ ಮೇಲೆ ತಾನೇ ತುಂಬಿಕೊಳ್ಳುತ್ತದೆ. ಕಾಯುವುದಕ್ಕೆ ಇದೂ ಒಂದು ಕಾರಣ.

ಇಸಿಜಿ ಮಾಡಿಸಿದ್ದರೆ ಕ್ಯೂಟಿ ಅಂತರ (ಒಂದು ಬಡಿತದ ವಿದ್ಯುತ್ ಮುಗಿಯಲು ಹೃದಯಕ್ಕೆ ಬೇಕಾದ ಹೊತ್ತು) ನೋಡಲು ಹೇಳಿ. ಥೈರಾಯ್ಡ್ ಕೊರತೆಯಲ್ಲಿ ಅದು ಉದ್ದವಾಗುತ್ತದೆ. ವಾಂತಿ ತಡೆಯಲು ಎಲ್ಲರಿಗೂ ಕೊಡುವ ಒಂಡಾನ್‌ಸೆಟ್ರಾನ್ ಅದನ್ನು ಇನ್ನಷ್ಟು ಎಳೆಯುತ್ತದೆ.

ಪರೇಲ್_ಪಾಳಿ
ಆಪರೇಷನ್ ದಿನ ಥೈರಾಯ್ಡ್ ಮಾತ್ರೆ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಿಡುವುದು ಬೇಡ, ಬೆಳಿಗ್ಗೆ ಬೇಗ ಒಂದು ಗುಟುಕು ನೀರಿನಲ್ಲಿ ತಗೊಳ್ಳಿ, ಡಾಕ್ಟರು ಬೇರೆ ಹೇಳಿದ್ದರೆ ಮಾತ್ರ ಅವರು ಹೇಳಿದ ಹಾಗೆ. ಘನ ಆಹಾರ, ಹಾಲು 6 ಗಂಟೆ ಮೊದಲು ನಿಲ್ಲಬೇಕು, ಎಣ್ಣೆ ಪದಾರ್ಥವಾದರೆ 8 ಗಂಟೆ, ತಿಳಿನೀರು 2 ಗಂಟೆ. ಥೈರಾಯ್ಡ್‌ನವರ ಹೊಟ್ಟೆ ನಿಧಾನ, ಹಾಗಾಗಿ ಹಿಂದಿನ ರಾತ್ರಿ ಬಿರಿಯಾನಿ ಬೇಡ.

ಅಕಸ್ಮಾತ್ ಒಂದೆರಡು ದಿನ ಮಾತ್ರೆ ತಪ್ಪಿದರೂ ಗಾಬರಿ ಬೇಡ. ಥೈರಾಕ್ಸಿನ್‌ನ ಅರ್ಧಾಯುಷ್ಯ ಸುಮಾರು 7 ದಿನ, ಮೈಯಲ್ಲಿ ದಾಸ್ತಾನು ಇರುತ್ತದೆ. ಐದಾರು ದಿನ ಬಾಯಿಂದ ಏನೂ ಹೋಗದಿದ್ದರೆ ಮಾತ್ರ ನರದ ಮೂಲಕ ಕೊಡುವ ಯೋಚನೆ. ಟಾನ್ಸಿಲ್‌ನಲ್ಲಿ ಅಲ್ಲಿವರೆಗೆ ಹೋಗುವುದಿಲ್ಲ.

ನುಂಗಲು ಆಗದಿದ್ದರೆ ಹೀಗೆ ಮಾಡಿ. ಮಾತ್ರೆಯನ್ನು ಎರಡು ಸ್ಟೀಲ್ ಚಮಚದ ನಡುವೆ ಇಟ್ಟು ಒತ್ತಿ ಪುಡಿ ಮಾಡಿ, 5ರಿಂದ 10 ಮಿಲಿ ನೀರು, ಅಂದರೆ ಒಂದೆರಡು ಟೀ ಚಮಚ, ಕದಡಿ ತಕ್ಷಣ ಕುಡಿಸಿ. ಚಮಚಕ್ಕೆ ಅಂಟಿದ್ದನ್ನೂ ಇನ್ನಷ್ಟು ನೀರು ಹಾಕಿ ಕುಡಿಸಿ, ಡೋಸ್ ಅರ್ಧ ಅಲ್ಲೇ ಉಳಿದುಬಿಡುತ್ತದೆ. ಕದಡಿ ಇಟ್ಟು ಆಮೇಲೆ ಕುಡಿಸುವ ಹಾಗಿಲ್ಲ. ಹಾಲು, ಗಂಜಿ, ಐಸ್‌ಕ್ರೀಮ್ ಯಾವುದರಲ್ಲೂ ಬೆರೆಸಬೇಡಿ.

ಮಡಗಾಂವ್_ಮದ್ದಂಗಡಿ
ಡಿಸ್ಚಾರ್ಜ್ ಚೀಟಿಯಲ್ಲೇ ಥೈರಾಯ್ಡ್ ಮಾತ್ರೆಗೆ ಶತ್ರುಗಳು ಕೂತಿರುತ್ತಾರೆ. ಗಂಟಲ ಗಾಯಕ್ಕೆ ಲೇಪದಂತೆ ಸುಕ್ರಾಲ್ಫೇಟ್ ಸಿರಪ್ ಬರೆಯುವುದುಂಟು. ಅದು ಥೈರಾಕ್ಸಿನ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, 4 ಗಂಟೆ ಅಂತರ ಇರಲೇಬೇಕು. ನೋವಿನ ಮಾತ್ರೆಗೆ ಜೊತೆಯಾಗಿ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ. ಹೊಟ್ಟೆಯ ಆಮ್ಲ ಇಳಿದರೆ ಈ ಮಾತ್ರೆ ಕರಗುವುದೇ ಕಮ್ಮಿ. ಒಂದು ವಾರಕ್ಕೆ ತೊಂದರೆಯಿಲ್ಲ, ತಿಂಗಳುಗಟ್ಟಲೆ ಮುಂದುವರಿಸಿದರೆ ಟಿಎಸ್‌ಎಚ್ ಮತ್ತೆ ಏರುತ್ತದೆ. ಅಂಟಾಸಿಡ್ ಜೆಲ್ ಕೂಡ ಸುಕ್ರಾಲ್ಫೇಟ್ ಜಾತಿಯದೇ, ದೂರ ಇಡಿ.

ಒಂದು ಉಪಾಯ. ಟಾನ್ಸಿಲ್ ಆದವರಿಗೆ ರಾತ್ರಿ ಮೂರು ನಾಲ್ಕರ ಹೊತ್ತಿಗೆ ಗಂಟಲು ಒಣಗಿ ಎಚ್ಚರ ಆಗಿಯೇ ಆಗುತ್ತದೆ. ಥೈರಾಯ್ಡ್ ಮಾತ್ರೆ, ಎರಡು ಚಮಚ, ನೀರು ತಲೆದಿಂಬಿನ ಪಕ್ಕ ಇಟ್ಟಿರಿ. ಆಗಲೇ ಕೊಟ್ಟುಬಿಟ್ಟರೆ ಹೊಟ್ಟೆ ಖಾಲಿ, ಬೆಳಿಗ್ಗೆವರೆಗೆ ಬೇರೆ ಏನೂ ಇಲ್ಲ, ಎದ್ದಮೇಲೆ ಐಸ್‌ಕ್ರೀಮೋ ಗಂಜಿಯೋ ಆರಾಮ.

ಪ್ಯಾರಾಸಿಟಮಾಲ್ ಲೆಕ್ಕ: 50 ಕಿಲೋ ಮೇಲಿನವರಿಗೆ 1 ಗ್ರಾಂ, 6 ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ದಾಟಬಾರದು. ಸಿರಪ್ 5 ಮಿಲಿಗೆ 250 ಮಿಲಿಗ್ರಾಂನದು ಕೇಳಿ ತಗೊಂಡರೆ ಒಂದು ಸಲಕ್ಕೆ 20 ಮಿಲಿ. ಅಂದರೆ 60 ಮಿಲಿ ಬಾಟಲಿ ಒಂದು ದಿನಕ್ಕೂ ಬರುವುದಿಲ್ಲ. ಮಕ್ಕಳ ಬಾಟಲಿ ಒಂದು ತಂದು "ಸಿರಪ್ ಕೊಟ್ಟರೂ ನೋವು ಇಳಿದಿಲ್ಲ" ಅನ್ನುವವರು ಬಹಳ, ಕೊಟ್ಟದ್ದು ಒಂದು ಮುಚ್ಚಳ ಆಗಿರುತ್ತದೆ. ಸಿರಪ್ ಜೊತೆ ಅದೇ ಇರುವ ಮಾತ್ರೆಯೂ ನಡೆಯುತ್ತಿಲ್ಲ ತಾನೆ ನೋಡಿ. ಡಾಕ್ಟರು ಹೇಳದೆ ಆಸ್ಪಿರಿನ್ ಬೇಡವೇ ಬೇಡ.

ಪರೇಲ್_ಪಾಳಿ
ನೋವು ಮೊದಲ ದಿನಕ್ಕಿಂತ ಮೂರನೇ ದಿನದಿಂದ ಜೋರು, ಏಳನೇ ದಿನದವರೆಗೆ ಹಾಗೇ. ಕಿವಿ ನೋಯುತ್ತದೆ, ಕಿವಿಯಲ್ಲಿ ಏನೂ ಆಗಿರುವುದಿಲ್ಲ, ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ. ಗಾಯದ ಮೇಲೆ ಮೊಸರಿನ ಕೆನೆಯಂಥ ಬಿಳಿ ಪೊರೆ ಬರುತ್ತದೆ, ವಾಸನೆಯೂ ಬರುತ್ತದೆ. ಅದು ಕೀವಲ್ಲ. ಟಾರ್ಚ್ ಹಾಕಿ ನೋಡಿ ಕೆರೆಯಲು ಹೋಗಬೇಡಿ.

ಆ ಪೊರೆ ಐದರಿಂದ ಹತ್ತನೇ ದಿನದೊಳಗೆ ಕಳಚುತ್ತದೆ, ರಕ್ತ ಬರುವ ಅಪಾಯ ಆಗ. ಮಕ್ಕಳಿಗಿಂತ ದೊಡ್ಡವರಲ್ಲಿ ಹೆಚ್ಚು. ಉಗುಳಿನಲ್ಲಿ ಒಂದೆರಡು ಎಳೆ ಕಂಡರೆ ತಣ್ಣೀರು ಮುಕ್ಕಳಿಸಿ ನೋಡಬಹುದು. ಕೆಂಪಾದ ಹಸಿ ರಕ್ತ, ಗಂಟಲಲ್ಲಿ ಗಡ್ಡೆ, ಅಥವಾ ಕಾಫಿ ಬಣ್ಣದ ವಾಂತಿ ಅಂದರೆ ಕಾಯುವಂತಿಲ್ಲ: ಕೂರಿಸಿ, ಮುಂದಕ್ಕೆ ಬಾಗಿಸಿ, ನುಂಗದೆ ಉಗುಳಲು ಹೇಳಿ, 108ಕ್ಕೆ ಫೋನು ಮಾಡಿ. ರಕ್ತ ತಾನಾಗಿ ನಿಂತಿತು ಅಂತ ಮನೆಯಲ್ಲೇ ಉಳಿಯಬೇಡಿ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಇವತ್ತೇ ಗೊತ್ತು ಮಾಡಿಕೊಳ್ಳಿ. ಉಪನಗರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಎರಡಕ್ಕೆ ಇಎನ್‌ಟಿ ಸರ್ಜನ್ ಸಿಗುವುದಿಲ್ಲ. ಸಯನ್, ಕೆಇಎಂನಂಥ ಕಾಲೇಜು ಆಸ್ಪತ್ರೆಯಲ್ಲಿ ಇರುತ್ತಾರೆ.

ಅದಕ್ಕೇ ಹೇಳುವುದು, ವಿಶ್ರಾಂತಿಗೆ ಊರಿಗೆ ಹೋಗುತ್ತೇವೆ ಅಂತ ಆರನೇ ದಿನ ಮತ್ಸ್ಯಗಂಧಾ ರೈಲು ಹತ್ತಬೇಡಿ. ರತ್ನಾಗಿರಿ ಹತ್ತಿರದ ಸುರಂಗಗಳಲ್ಲಿ ಫೋನೂ ಸಿಗುವುದಿಲ್ಲ, ಡಾಕ್ಟರಂತೂ ಇಲ್ಲ. ಎರಡು ವಾರ ಮುಗಿಯಲಿ. ಲೋಕಲ್‌ನ ನೂಕುನುಗ್ಗಲೂ ಅಲ್ಲಿವರೆಗೆ ಬೇಡ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮೊಸರನ್ನ, ಮೆತ್ತಗಿನ ಇಡ್ಲಿ, ಎಳನೀರು. ಖಾರ, ಸೋಲ್‌ಕಢಿ, ಲಿಂಬೆ ಉರಿ ಹತ್ತಿಸುತ್ತವೆ. ಕಾಳುಮೆಣಸಿನ ಕಷಾಯ ಗಂಟಲಿಗೆ ಒಳ್ಳೆಯದು ಅಂತ ಹಿರಿಯರು ಬಿಸಿಬಿಸಿ ಕೊಟ್ಟರೆ ಬೇಡ ಅನ್ನಿ. ಫರಸಾಣ್, ಪಾವಿನ ಗಟ್ಟಿ ಅಂಚು ತಾಗಿದರೆ ಪೊರೆ ಕೀಳುತ್ತದೆ. ಆದರೆ ನೋವು ಅಂತ ನುಂಗುವುದನ್ನೇ ನಿಲ್ಲಿಸಿದರೆ ಗಾಯ ಒಣಗಿ ಬಿರಿಯುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು ಅರ್ಧ ಗಂಟೆಗೆ ಊಟ, ದಿನಕ್ಕೆ ಎರಡು ಲೀಟರ್ ದ್ರವ.

ಮುಲುಂಡ್_ಮಲ್ಲಿಗೆ (ಒಂಬತ್ತು ದಿನದ ನಂತರ)
ರಿಪೋರ್ಟ್ ಬಂತು. ಫ್ರೀ ಟಿ4 0.6, ಆಂಟಿ-ಟಿಪಿಒ ಪಾಸಿಟಿವ್, ಅಂದರೆ ಹಾಶಿಮೊಟೊ ಅಂತೆ. ಸೋನೋಗ್ರಫಿಯಲ್ಲಿ ಥೈರಾಯ್ಡ್ ಕುತ್ತಿಗೆಯಲ್ಲೇ ತನ್ನ ಜಾಗದಲ್ಲಿದೆ. ರಕ್ತಸ್ರಾವದ ಪ್ರಶ್ನೆಗಳಿಗೆಲ್ಲ ಇಲ್ಲ ಅಂದಳು. ಗಾರ್ಗಲ್ ನಿಲ್ಲಿಸಿದ್ದಾಳೆ, ಕಬ್ಬಿಣ ಕ್ಯಾಲ್ಸಿಯಂ ಬೇರೆ ಹೊತ್ತಿಗೆ. ಡಾಕ್ಟರು ಡೋಸ್ 88 ಮಾಡಿ ಆರು ವಾರ ಬಿಟ್ಟು ಬನ್ನಿ ಅಂದರು, ಇಎನ್‌ಟಿಯವರೂ ಡೇಟ್ ಮುಂದೆ ಹಾಕಿದರು. ಚೀಟಿ ಹುಡುಕಿದರೆ ಜ್ವರ-ಕೀವು ಇದ್ದದ್ದು ಹೋದ ವರ್ಷ 5, ಈ ವರ್ಷ 4.

ಅರಿವಳಿಕೆ_ಪುಣೆ
ಈ ವರ್ಷ ಇನ್ನೊಂದು ಬಂದರೆ ಮಾನದಂಡ ತುಂಬುತ್ತದೆ. ಬರದಿದ್ದರೆ ಇಎನ್‌ಟಿಯವರ ಜೊತೆ ಕೂತು ಮತ್ತೆ ಯೋಚಿಸಿ.

ಒಂದು ಎಚ್ಚರ. ಡೋಸೂ ಏರಿತು, ಮಾತ್ರೆ ಹತ್ತದಂತೆ ಮಾಡುತ್ತಿದ್ದದ್ದೂ ಹೋಯಿತು, ಗಾರ್ಗಲ್ಲೂ ನಿಂತಿತು. ಮೂರೂ ಒಟ್ಟಿಗೆ ಆದದ್ದರಿಂದ ಹಾರ್ಮೋನು ಬೇಕಾದ್ದಕ್ಕಿಂತ ಮೇಲೆ ಹೋಗಬಹುದು. ಎದೆ ಬಡಿತ, ಕೈ ನಡುಕ, ನಿದ್ದೆ ಬಾರದಿರುವುದು ಕಂಡರೆ ಆರು ವಾರ ಕಾಯದೆ ಡಾಕ್ಟರಿಗೆ ಹೇಳಿ. ನಾಡಿ ಓಡುತ್ತಿರುವವರನ್ನು ಮಯಕ್ಕಕ್ಕೆ ತಗೊಳ್ಳುವುದೂ ನಮಗೆ ಇಷ್ಟವಿಲ್ಲ. ಆರು ವಾರದ ಪರೀಕ್ಷೆಯಲ್ಲಿ ಟಿಎಸ್‌ಎಚ್ 5 ಬಂದು ಫ್ರೀ ಟಿ4 ಸರಿಯಿದ್ದರೆ ಸಾಕು, 2 ಆಗಲೇಬೇಕು ಅಂತ ಮತ್ತೆ ಮುಂದೂಡಬೇಡಿ. ಟಿಎಸ್‌ಎಚ್ ಇಳಿಯುವುದು ಯಾವಾಗಲೂ ಫ್ರೀ ಟಿ4 ಸರಿಯಾದ ಮೇಲೆ, ತಡವಾಗಿ.

ಆಪರೇಷನ್ ಆದ ವಾರದಲ್ಲಿ ಟಿಎಸ್‌ಎಚ್ ಮಾಡಿಸಬೇಡಿ. ಮೈಗೆ ಆದ ಪೆಟ್ಟು, ಊತಕ್ಕೆ ಕೊಡುವ ಡೆಕ್ಸಾಮೆಥಸೋನ್ ಎರಡೂ ಅದನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆ. ಆ ಸಂಖ್ಯೆ ನೋಡಿ ಯಾರಾದರೂ ಡೋಸ್ ಇಳಿಸಿದರೆ ಮೊದಲಿನ ಕತೆಯೇ. ಮುಂದಿನ ಪರೀಕ್ಷೆ ಆಪರೇಷನ್ ಆಗಿ ಆರು ವಾರಕ್ಕೆ.

ಕೋಥರೂಡ_ಧಾರವಾಡ
0.6 ಅಂದ್ರ ನಾ ಮೊದ್ಲ ಹೇಳಿದ್ದ ತಪ್ಪ ಆತು ಬಿಡ್ರಿ ಅಕ್ಕಾರ. ಗಾರ್ಗಲ್ ಬಾಟ್ಲಿ ಮನ್ಯಾಗ ಉಳದಿದ್ರ ಮ್ಯಾಲಿನ ಕಪಾಟಿನ್ಯಾಗ ಇಡಬ್ಯಾಡ್ರಿ. ಗಂಟಲ ಕೆಡೂ ದಿನಾ ಕೈ ಮೊದ್ಲ ಅಲ್ಲೇ ಹೋಗತೈತಿ.